ಎರಡು ಯೂನಿಟ್ಟುಗಳ ನಡುವಿನ ಮಗು

ನಮ್ಮ ಮನೆಯಲ್ಲಿ ಒಂದೇ ಕಂಪನಿಗೆ ದುಡಿಯುವವರು ಇಬ್ಬರಿದ್ದಾರೆ. ಮಗ ಮಾಲೂರಿನ ಯೂನಿಟ್ಟಿನಲ್ಲಿ, ಸೊಸೆ ಶ್ರೀನಿವಾಸಪುರದ ಯೂನಿಟ್ಟಿನಲ್ಲಿ. ಎರಡು ಕಡೆಯೂ ಮಾಡುವುದು ಒಂದೇ, ಟೊಮೇಟೊ ತುಂಬುವ ಪ್ಲಾಸ್ಟಿಕ್ ಕ್ರೇಟು. ಬೆಳಗ್ಗೆ ಸುಗಟೂರಿನ ರಸ್ತೆಯಲ್ಲಿ ಒಬ್ಬರು ಈ ಕಡೆ, ಒಬ್ಬರು ಆ ಕಡೆ ನಿಲ್ಲುತ್ತಾರೆ. ಕಂಪನಿಯ ಬಸ್ಸುಗಳು ಬಂದು ಇಬ್ಬರನ್ನೂ ಬೇರೆ ಬೇರೆ ದಿಕ್ಕಿಗೆ ಎಳೆದುಕೊಂಡು ಹೋಗುತ್ತವೆ. ಮನೆಯಲ್ಲಿ ಉಳಿಯುವುದು ನಾನು, ನನ್ನ ಸೊಂಟನೋವು, ಮೊಮ್ಮಗಳು.

ಮೊಮ್ಮಗಳ ಬಗ್ಗೆ ಏನಂತ ಹೇಳಲಿ! ಕೆಳಗಡೆ ಎರಡು ಹಲ್ಲು ಬಂದಿವೆ. ನಕ್ಕರೆ ಅವೆರಡೂ ನನಗೋಸ್ಕರವೇ ಮೂಡಿದವೇನೋ ಅನಿಸುತ್ತದೆ. ರಾಗಿ ಸರಿ ತಿನ್ನಿಸಿದರೆ ಅರ್ಧ ಹೊಟ್ಟೆಗೆ, ಅರ್ಧ ನನ್ನ ಸೆರಗಿಗೆ. ಕೆಳಗಿಳಿಸಿದರೆ ಅವಳು ಅಳುತ್ತಾಳೆ, ಎತ್ತಿಕೊಂಡರೆ ನನ್ನ ಸೊಂಟ ಅಳುತ್ತದೆ. ಸಾಯಂಕಾಲದ ಹೊತ್ತಿಗೆ ನಿಂತಲ್ಲೇ ಕಣ್ಣು ಮುಚ್ಚಿಹೋಗುತ್ತದೆ. ಆದರೂ ಈ ವಯಸ್ಸಿಗೆ ಇಂಥ ಭಾಗ್ಯ ಯಾರಿಗುಂಟು!

ಈ ಸಲದ ಬೇಸಿಗೆಯಲ್ಲಿ ಸೊಸೆ ಬರುವುದು ದಿನದಿನಕ್ಕೂ ತಡವಾಗತೊಡಗಿತು. ಕೇಳಿದರೆ, "ಲೋಡ್ ಜಾಸ್ತಿ ಅತ್ತೆ" ಅನ್ನುತ್ತಿದ್ದಳು, ಅಷ್ಟೆ. ಅವಳು ಬರುವಾಗ ಮಗು ಮಲಗಿರುತ್ತಿತ್ತು, ಹೊರಡುವಾಗ ಇನ್ನೂ ಎದ್ದಿರುತ್ತಿರಲಿಲ್ಲ. ಒಂದು ಭಾನುವಾರ ಬೆಳಗ್ಗೆ ಅವಳು ಕೈ ಚಾಚಿದರೆ, ಮಗು ಯಾರೋ ಹೊಸಬರನ್ನು ಕಂಡ ಹಾಗೆ ನನ್ನ ಕೊರಳು ಹಿಡಿದು ಚೀರಿತು. ಸೊಸೆ ಚಾಚಿದ ಕೈಯನ್ನು ಹಿಂದಕ್ಕೆಳೆದು ಸೆರಗಿಗೆ ಒರೆಸಿಕೊಂಡಳು. ಕೈಯಲ್ಲಿ ಕೊಳೆಯೇನೂ ಇರಲಿಲ್ಲ.

ಮಗ ಅಂಗಳದಲ್ಲಿ ಕೂತು ನೀರು ಕಾಯಿಸುವ ಹಂಡೆಯನ್ನು ಕೆರೆಯುತ್ತಿದ್ದ. ನಮ್ಮ ಕಡೆಯ ಬೋರ್ ನೀರು ಗೊತ್ತಲ್ಲ, ಹಂಡೆಯೊಳಗೆ ಗೋಡೆಗೆ ಬಳಿದಂತೆ ಬೆಳ್ಳಗೆ ಸುಣ್ಣ ಕಟ್ಟುತ್ತದೆ. ಸೊಸೆ ದೂರದಲ್ಲೇ ಕೂತು ಮಗುವಿಗೆ ಹೇಳತೊಡಗಿದಳು:

"ನಾನೇನ್ ಬೇಕಂತ ಲೇಟ್ ಮಾಡ್ತೀನೇನೇ ಬಂಗಾರಿ? ಆ ಕ್ರೇಟು ಸೊಟ್ಟ ಸೊಟ್ಟ ಬತ್ತೈತೆ. ಒಂದರ ಮೇಲೊಂದು ಕೂರಲ್ಲ. ಎಲ್ಲಾ ಪುಡಿ ಮಾಡಿ, ಕರಗ್ಸಿ, ತಿರ್ಗ ಅಚ್ಚಿಗೆ ಹೊಡೀಬೇಕು. ಅದು ಮುಗಿಯೋಗಂಟ ಬಸ್ ಬಿಡಲ್ಲ."

ಮಗ ಕೆರೆಯುವುದನ್ನು ನಿಲ್ಲಿಸಿದ. "ಏನಂದೆ? ಸೊಟ್ಟ ಬತ್ತೈತಾ?"

"ಅಯ್ಯೋ, ಕೇಳಿಸ್ಕೊಂಡ್ರಾ? ನಿಮ್ ಯೂನಿಟ್ನಲ್ಲಿ ಬಾಯ್ ಬಿಡಬೇಡ್ರಿ. ನಮ್ ಮಾನ ಹೋಗ್ತೈತೆ."

"ಹೋದ ಬೇಸ್ಗೇಲಿ ನಮ್ದೂ ಹಂಗೇ ಬತ್ತಿತ್ತು ಕಣೇ."

"ಮತ್ತೆ ನಂಗ್ ಹೇಳ್ಲೇ ಇಲ್ಲ?"

"ನಿಮಗ್ ಹೇಳಿದ್ರೆ ಶೀಲ್ಡು ನೀವೇ ಹೊಡ್ಕೊಂಡ್ ಹೋಗ್ತಿದ್ರಿ!"

ಕೆಟ್ಟ ಮಾಲು ಕಡಿಮೆ ಬಂದ ಯೂನಿಟ್ಟಿಗೆ ಕಂಪನಿಯವರು ವರ್ಷಕ್ಕೊಮ್ಮೆ ಶೀಲ್ಡು ಕೊಡುತ್ತಾರೆ. ಅದಕ್ಕಾಗಿ ಇವರು ಅವರಿಗೆ ಹೇಳುವುದಿಲ್ಲ, ಅವರು ಇವರಿಗೆ ಹೇಳುವುದಿಲ್ಲ. ಆದರೆ ಒಂದೇ ಪಾತ್ರೆಯ ಸಾರು ಉಣ್ಣುವ ಇವರಿಬ್ಬರೂ ಅದನ್ನೇ ಮಾಡುತ್ತಿದ್ದಾರೆಂದು ನನಗೆ ಗೊತ್ತಿರಲಿಲ್ಲ.

"ಥೂ ನಿಮ್ ಶೀಲ್ಡಿಗಿಷ್ಟು!" ಅಂದೆ. "ಮಗು ತಾಯಿ ಗುರ್ತು ಮರೀತೈತೆ, ನೀವ್ ನೋಡಿದ್ರೆ ಮುನಿಸ್ಕೊಂಡ ಬೀಗರಂಗೆ ಆಡ್ತೀರಾ? ಏನ್ ಮಾಡಿದ್ರಿ ಹೇಳೋ ಅವಳಿಗೆ."

ಅವನು ಹಂಡೆಯನ್ನು ಅವಳ ಕಡೆಗೆ ವಾಲಿಸಿದ. "ಈ ಸುಣ್ಣ ನೋಡು. ಅಚ್ಚು ತಣ್ಣಗಾಗ್ಲಿ ಅಂತ ಅದ್ರೊಳಗೆ ನೀರು ಓಡೋ ದಾರಿ ಐತಲ್ಲ, ಅಲ್ಲೂ ಇದೇ ಕಟ್ಕೊಂತೈತೆ. ಅಚ್ಚು ಆರಲ್ಲ. ಕ್ರೇಟು ಬಿಸಿಬಿಸಿಯಾಗೇ ಈಚೆ ಬಂದು ಸೊಟ್ಟಗಾಗ್ತೈತೆ. ನಮ್ ಇಂಜಿನಿಯರ್ ಸಾರು ಕಂಡುಹಿಡಿದು, ಅಚ್ಚು ಬಿಚ್ಚಿಸಿ ತೊಳಿಸಿದ್ರು."

ಮಾರನೆಯ ದಿನ ಸೊಸೆ ತನ್ನ ಸೂಪರ್‌ವೈಸರಿಗೆ ಇದನ್ನೇ ಹೇಳಿದಳಂತೆ. "ಯಾರಮ್ಮ ಹೇಳಿದ್ದು, ಮಾಲೂರಿನೋರಾ? ಅವರ ಮಾತ್ ಕೇಳಿ ಮಿಷನ್ ನಿಲ್ಲಿಸ್ಕೊಂಡ್ ಕೂತ್ಕೊಳ್ಳೋಣಾ?" ಎಂದನಂತೆ ಅವನು. ಅವತ್ತೂ ತಡವಾಗಿಯೇ ಬಂದಳು. ಚಪ್ಪಲಿ ಬಿಚ್ಚಲೂ ಆಗದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಊಟ ಬೇಡವೆಂದಳು. ನನಗೂ ಎದ್ದು ಬಡಿಸುವ ತ್ರಾಣವಿರಲಿಲ್ಲ.

ಅದನ್ನು ನೋಡಿದ ಮಗ ಆಚೆ ಹೋಗಿ ತನ್ನ ಇಂಜಿನಿಯರಿಗೆ ಫೋನು ಮಾಡಿದ. "ಸಾರ್, ಯೂನಿಟ್ ವಿಷ್ಯ ಅಲ್ಲ, ಮನೆ ವಿಷ್ಯ" ಎಂದೇ ಶುರುಮಾಡಿ ಎಲ್ಲವನ್ನೂ ಹೇಳಿದ. ಅವರು ಒಳ್ಳೆಯವರು. ಶ್ರೀನಿವಾಸಪುರಕ್ಕೆ ತಾವೇ ಹೋಗಿ ಮುಂದೆ ನಿಂತು ಅಚ್ಚು ಬಿಚ್ಚಿಸಿದರು. ನಮ್ಮ ಹಂಡೆಯಿಂದ ಉದುರಿದ ಹಾಗೆಯೇ ಅದರಿಂದಲೂ ಬೆಳ್ಳಗೆ ಸುಣ್ಣ ಉದುರಿತಂತೆ.

ಈಗ ಕಂಪನಿಯವರ ಹೊಸ ಪದ್ಧತಿಯಂತೆ ಶನಿವಾರ ಶನಿವಾರ ಎರಡು ಯೂನಿಟ್ಟಿನವರೂ ವಿಡಿಯೋದಲ್ಲಿ ಎದುರುಬದುರು ಕೂತು, ಆ ವಾರ ಏನು ಕೆಟ್ಟಿತು, ಹೇಗೆ ಸರಿಮಾಡಿದೆವು ಎಂದು ಹೇಳಬೇಕು. ಮೊದಲ ಸಲ ಎರಡು ಕಡೆಯವರೂ ಹೆಣ್ಣು ನೋಡಲು ಬಂದವರ ಹಾಗೆ ಸುಮ್ಮನೆ ಮುಖ ನೋಡಿಕೊಂಡು ಕೂತಿದ್ದರಂತೆ. ಕೊನೆಗೆ ನನ್ನ ಸೊಸೆಯೇ ಎದ್ದು, "ನಮ್ದು ಸೊಟ್ಟ ಬಂತು. ಮಾಲೂರಿನೋರು ಹೇಳಿಕೊಟ್ಟಿದ್ದಕ್ಕೆ ಸರಿಹೋಯ್ತು" ಅಂದಳಂತೆ. "ನೋಡ್ರಪ್ಪಾ, ಗಂಡನ ಯೂನಿಟ್ಟಿಗೆ ಸಪೋರ್ಟು" ಎಂದು ಯಾರೋ ರೇಗಿಸಿದರಂತೆ. ನಕ್ಕ ಮೇಲೆ ಒಬ್ಬೊಬ್ಬರೇ ಬಾಯಿಬಿಟ್ಟರಂತೆ.

ಬಸ್ಸು ಸರಿಯಾದ ಹೊತ್ತಿಗೆ ಬರತೊಡಗಿದರೂ ಮಗು ಸೊಸೆಯ ಹತ್ತಿರ ಹೋಗುತ್ತಿರಲಿಲ್ಲ. ಅವಳೂ ಬಲವಂತ ಮಾಡಲಿಲ್ಲ. ದಿನಾ ಸಾಯಂಕಾಲ ಎದುರಿಗೆ ಕೂತು ಮಾತಾಡಿಸುತ್ತಿದ್ದಳು.

ನಿನ್ನೆ ಇನ್ನೂ ಬಿಸಿಲಿರುವಾಗಲೇ ಅವಳು ಬಸ್ಸಿಳಿದಳು. ನನ್ನ ಸೊಂಟದ ಮೇಲಿದ್ದ ಮೊಮ್ಮಗಳು ಅವಳನ್ನು ನೋಡಿದ್ದೇ ತಡ, ಮೈಯನ್ನೆಲ್ಲ ಮುಂದಕ್ಕೆ ಚೆಲ್ಲಿ ಎರಡೂ ಕೈ ಚಾಚಿದಳು. ನಾನು ಬಿಟ್ಟುಕೊಟ್ಟೆ. ತಾಯಿ ಅವಳನ್ನು ಅವುಚಿಕೊಂಡು ಒಳಗೆ ಓಡಿದಳು.

ಸೊಂಟ ಹಗುರವಾಯಿತು, ಖಾಲಿ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಜಗಲಿಯ ಮೇಲೆ ಕಾಲು ಚಾಚಿದೆ. ನೋವು ಹಾಗೆಯೇ ಇತ್ತು. ಕಣ್ಣು ತುಂಬಿ ಬಂತು, ಜೊತೆಗೇ ನಗುವೂ ಬಂತು.

"ಅತ್ತೇ, ಕಚ್ತಾವ್ಳೆ!" ಎಂದು ಒಳಗಿಂದ ಸೊಸೆ ಕೂಗಿದಳು.

"ಕಚ್ಲಿ ಬಿಡೇ," ಅಂದೆ, ಕೂತಲ್ಲಿಂದ ಏಳದೆ.