ಕತ್ತರಿಯ ಮೇಲೆ ಬಿದ್ದೆನೆಂದು ಬರೆದುಕೊಡು

ನಮ್ಮ ಬೀದಿಯ ದರ್ಜಿ ಹೆಂಗಸಿಗೆ ಕತ್ತು ಪೂರ್ತಿ ಎಡಕ್ಕೆ ತಿರುಗುವುದಿಲ್ಲ. ಅಪ್ಪನ ಮನೆಯಲ್ಲಿ ಪಾಲು ಕೇಳಿದಳೆಂದು ಒಡಹುಟ್ಟಿದ ಅಣ್ಣನೇ ಅವಳ ಕತ್ತರಿಯನ್ನು ಎತ್ತಿಕೊಂಡು ಹಿಂದಿನಿಂದ ಇರಿದಿದ್ದ. ಕೊಲೆಯತ್ನಕ್ಕೆ ಅವನಿಗೆ ಏಳು ವರ್ಷ ಜೈಲಾಯಿತು.

ಅವನ ಮೇಲ್ಮನವಿ ವಿಚಾರಣೆಗೆ ಬರುವ ಹಿಂದಿನ ವಾರ ತಾಯಿ ಅಂಗಡಿಗೆ ಬಂದಳು. ಒಂದು ಕೈಯಲ್ಲಿ ವಕೀಲರು ಬರೆದುಕೊಟ್ಟ ಪ್ರಮಾಣಪತ್ರ, ಇನ್ನೊಂದರಲ್ಲಿ ಎರಡೂವರೆ ಮೀಟರ್ ಬಟ್ಟೆ. ‘ನಾನೇ ಕಾಲು ಜಾರಿ ಕತ್ತರಿಯ ಮೇಲೆ ಬಿದ್ದೆ, ಅಣ್ಣನ ತಪ್ಪೇನಿಲ್ಲ’ ಎಂದು ಪತ್ರದಲ್ಲಿತ್ತು.

“ಸಹಿ ಹಾಕೇ. ಎಷ್ಟಾದ್ರೂ ರಕ್ತಸಂಬಂಧ.”

“ಆ ರಕ್ತಾನ ಪೊಲೀಸರು ಬರೋಕೆ ಮುಂಚೆ ಒರೆಸಿದ್ದು ನೀನೇ ಅಲ್ವೇನಮ್ಮ?”

“ಹಳೇದೆಲ್ಲ ಯಾಕೆ ಕೆದಕ್ತೀಯ? ಈ ಬಟ್ಟೇಲಿ ಅವನಿಗೊಂದು ಶರ್ಟ್ ಹೊಲಿದಿಡು. ಹೊರಗೆ ಬರೋ ದಿನ ಹಾಕ್ಕೊಳ್ಳಲಿ.”

ಅಳತೆ ಕೊಡಲು ಬಂದಿದ್ದ ನಾನು ಅಲ್ಲೇ ನಿಂತಿದ್ದೆ. ಮಗ ಹೊರಬಂದರೆ ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಗಿಸುತ್ತಾನೆಂಬುದು ಆ ಹೆತ್ತವಳಿಗೂ ಗೊತ್ತಿತ್ತು.

“ಕತ್ತರಿ ನೆಟ್ಟಗೆ ನಿಲ್ಲಿಸಿ, ಅದ್ರ ಮೇಲೆ ನಾನು ಅಂಗಾತ ಬಿದ್ನಾ? ಕೋರ್ಟಲ್ಲಿ ನಗ್ತಾರೆ, ಹೋಗಮ್ಮ,” ಎಂದು ಮಗಳು ಎರಡನ್ನೂ ಹಿಂದಕ್ಕೆ ಕೊಟ್ಟಳು.

ಮೇಲ್ಮನವಿ ವಜಾ ಆಯಿತು. ತೀರ್ಪಿನ ದಿನ ನ್ಯಾಯಾಲಯದ ಮೆಟ್ಟಿಲ ಮೇಲೆ ಮಗಳು, “ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು, ಊಟಕ್ಕೆ ಬಾ,” ಎಂದು ತಾಯಿಯ ಕೈ ಹಿಡಿದು ಕರೆದಳು. ತಾಯಿ ಆ ಕೈಯನ್ನು ಕೊಡವಿ ವಕೀಲರ ಹಿಂದೆ ಓಡಿದಳು.

“ಸ್ವಾಮಿ, ಇದಕ್ಕಿಂತ ದೊಡ್ಡ ಕೋರ್ಟ್ ಇದ್ಯಲ್ಲ?”