ಒದ್ದೆ ಪರದೆಯ ಹಿಂದೆ ಮಲ್ಕಮ್ಮ

ಕಮಲಾಪುರದ ಬಾಳೆತೋಟದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಾವಿಯ ಮೆಟ್ಟಿಲ ಮೇಲೆ ಕುಳಿತು ಮಲ್ಕಮ್ಮ ಬಯಸ್ಕೋಪ್ ಡೇರೆಯ ಬಿಳಿ ಪರದೆ ಒಗೆಯುತ್ತಿದ್ದಾಳೆ. ಒಬ್ಬಳ ಕೈಗೆ ಬಗ್ಗುವ ಬಟ್ಟೆಯಲ್ಲ ಅದು. ಆದರೂ ದಿನಾ ಒಗೆದು, ತೂತು ಹುಡುಕಿ ಹೊಲಿಯುತ್ತಾಳೆ. ಇವತ್ತು ಮಾತ್ರ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ. ಬಾಳೆ ಎಲೆ ಸರಕ್ಕೆಂದರೂ ಬೆಚ್ಚಿ ತಿರುಗಿ ನೋಡುತ್ತಾಳೆ.

"ಆ ಅಣವೀರಪ್ಪ ಡೇರೇಕ ಬೆಂಕಿ ಹಚ್ತೀನಿ ಅಂದಾನ್ರೀ," ಎನ್ನುತ್ತಾಳೆ. "ಆ ಫಿಲ್ಮಿಗಿ ಒಂದ ಕಿಡಿ ತಾಕಿದ್ರ ಸಾಕು, ಭಗ್ ಅಂತದ. ಒಳಗ ಹೆಣ್ಣಮಕ್ಕಳು ಕುಂತಿರ್ತಾರ."

ಚಾಂದಪಾಶಾನ ಡೇರೆ ವರ್ಷದ ಹೆಚ್ಚು ಕಾಲ ಕಲಬುರ್ಗಿಯ ಸ್ಟೇಶನ್ ಬಜಾರದಲ್ಲೇ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಎತ್ತಿನಗಾಡಿ ಏರಿ ಇತ್ತ ಬರುತ್ತದೆ. ಗಂಡಸರು ಪರದೆಯ ಮುಂದೆ, ಹೆಂಗಸರು ಹಿಂದೆ. ಬಟ್ಟೆ ಒದ್ದೆಯಾಗಿದ್ದರೆ ಮಾತ್ರ ಹಿಂದಿನವರಿಗೂ ಚಿತ್ರ ಕಾಣುತ್ತದೆ. ಆಟ ನಡೆದಷ್ಟು ಹೊತ್ತೂ ಕೊಡಗಟ್ಟಲೆ ನೀರು ಎರಚುವುದೇ ಮಲ್ಕಮ್ಮನ ನೌಕರಿ. ಚಿತ್ರ ಅವಳಿಗೆ ಸದಾ ಉಲ್ಟಾ ಕಾಣುತ್ತದೆ. ನಡುವೆ ಬರುವ ಅಕ್ಷರಗಳೂ ಉಲ್ಟಾ. "ನೆಟ್ಟಗ ಕಂಡ್ರೂ ನನಗೇನ ಓದಾಕ ಬರ್ತದ್ರಿ?" ಎಂದು ನಗುತ್ತಾಳೆ. ಬೆಳಗಿನಿಂದ ಅವಳು ನಕ್ಕದ್ದು ಅದೊಂದೇ ಸಲ.

ಚಿತ್ರಕ್ಕೆ ಬಾಯಿಲ್ಲ. ಗಂಡಸರಿಗೆ ಚಾಂದಪಾಶಾನೇ ಎದ್ದು ನಿಂತು ಕಥೆ ಹೇಳುತ್ತಾನೆ. ಅವನ ದನಿ ಹಿಂದಕ್ಕೆ ಮುಟ್ಟುವುದಿಲ್ಲ. "ಏನ ನಡದದವ್ವಾ?" ಎಂದು ಹೆಂಗಸರು ಕೇಳಿದರು, ಮಲ್ಕಮ್ಮ ಹೇಳತೊಡಗಿದಳು. ಅದಕ್ಕೆ ಬೇರೆ ಪಗಾರವಿಲ್ಲ, ಯಾರೂ ಅವಳ ಹೆಸರು ಕೂಗಿ ಸಾರುವುದೂ ಇಲ್ಲ.

ಈ ಸಲದ ಚಿತ್ರ ಆಕಾಶದ ಚುಕ್ಕಿಗೆ ಹಾರುವ ಸಾಹೇಬನದು. ಅವನು ಕಬ್ಬಿಣದ ಹಡಗು ಮಾಡಿ, ಹೆಂಡತಿ ದೊರಸಾನಿಯನ್ನು ಕೂರಿಸಿಕೊಂಡು ಆಕಾಶ ದಾಟುತ್ತಾನೆ. ಅಲ್ಲಿನ ಗವಿಯಿಂದ ಒಂದು ಘೋರ ಪ್ರಾಣಿ ಹೊರಡುತ್ತದೆ. ಸಾಹೇಬ ಹಡಗಿಗೆ ಓಡಿ ಒಳಗಿನಿಂದ ಚಿಲಕ ಹಾಕುತ್ತಾನೆ. ದೊರಸಾನಿ ಹೊರಗೇ ಉಳಿಯುತ್ತಾಳೆ. ಹಡಗು ಅವಳನ್ನು ಬಿಟ್ಟು ಹಾರುತ್ತದೆ, ಅರ್ಧ ದಾರಿಯಿಂದ ಅವನು ಅದನ್ನು ತಿರುಗಿಸುತ್ತಾನೆ. ಚಾಂದಪಾಶಾನ ಪ್ರಕಾರ ಸಾಹೇಬ ಹೋದದ್ದು ವಜ್ರಕ್ಕೆ, ಓಡಿದ್ದು ಬಂದೂಕು ತರಲು. ಮಲ್ಕಮ್ಮನಿಗೆ ಅದು ಒಪ್ಪಿಗೆಯಿಲ್ಲ.

"ವಜ್ರ ಬೇಕಾದಾಂವ ಹೆಂಡ್ತೀನ್ನ ಯಾಕ ಕರಕೊಂಡ ಹೋಗ್ತಾನ್ರಿ? ತಾ ಭಾಳ ಧೈರ್ಯದಾಂವ ಅಂತ ಅಕಿಗಿ ತೋರಸಬೇಕಾಗಿತ್ತು. ಚಿಲಕ ಹಾಕೂ ಮುಂದ ಅವನ ಕಣ್ಣ ನೋಡ್ರಿ. ಅಂಜ್ಯಾನ. ಅಂಜೀನಿ ಅಂತ ತಾನೇ ಒಪ್ಪಿದ ಮ್ಯಾಲೇ ಹಡಗ ತಿರುಗಸ್ತಾನ. ಬಂದೂಕ ತರಾಕ ಹೋಗಿದ್ದ ಅಂದ್ರ, ತಿರುಗಿ ಬಂದದ್ದಕ್ಕ ಏನ ಬೆಲಿ ಉಳೀತು?"

ಒಂದೇ ಬಟ್ಟೆ, ಒಂದೇ ಸಾಹೇಬ, ಎರಡು ಕಥೆ. ಮೊದಲೆರಡು ದಿನ ಊರಿನ ಗಂಡ ಹೆಂಡಿರು ರೊಟ್ಟಿ ತಿನ್ನುತ್ತಾ ಜಗಳಾಡಿ ಮಜಾ ತೆಗೆದುಕೊಂಡರು. ಅಣವೀರಪ್ಪನ ಮನೆಯಲ್ಲಿ ಅದು ಮಜಾ ಆಗಿ ಉಳಿಯಲಿಲ್ಲ. ಪ್ಲೇಗು ಬಂದ ವರ್ಷ ಹೆಂಡತಿ ನೀಲಗಂಗಮ್ಮನನ್ನು ಊರ ಹೊರಗಿನ ಜೋಪಡಿಯಲ್ಲಿ ಬಿಟ್ಟು ಅವನು ಕಲಬುರ್ಗಿಗೆ ಹೋಗಿದ್ದ. ಔಷಧ ತರಲು ಹೋಗಿದ್ದೆ ಎಂದೇ ಇಂದಿಗೂ ಹೇಳುತ್ತಾನೆ. ಆಕೆ ತಾನೇ ಗುಣವಾಗಿ ನಡೆದು ಮನೆಗೆ ಬಂದಳು. ಯಾರೂ ಆ ಮಾತು ಎತ್ತಿರಲಿಲ್ಲ. ಮೊನ್ನೆ ಆಟ ನೋಡಿ ಬಂದವಳು, "ನೀನೂ ಚಿಲಕ ಹಾಕಿದಿ," ಎಂದುಬಿಟ್ಟಳು. ಅವತ್ತಿನಿಂದ ಗಂಡನೊಡನೆ ಮಾತೇ ಬಿಟ್ಟಿದ್ದಾಳೆ.

ಅಣವೀರಪ್ಪ ನಿನ್ನೆ ನೇರ ಡೇರೆಗೆ ಬಂದ. ಸಾಹೇಬ ಅಂಜಿ ಓಡಿದ ಎಂದು ಮಲ್ಕಮ್ಮ ಇನ್ನೊಮ್ಮೆ ಹೇಳಿದರೆ ಡೇರೆ ಉಳಿಯುವುದಿಲ್ಲ ಎಂದು ಹೇಳಿ ಹೋದ.

"ಮಲ್ಕವ್ವಾ, ಇವತ್ತೊಂದಿನ ಬಂದೂಕ ಅಂತ ಹೇಳು," ಎನ್ನುತ್ತಾನೆ ಚಾಂದಪಾಶಾ. "ಎಲ್ಲಾರ ಜಾನ್ ಉಳೀತದ. ಇಲ್ಲಾಂದ್ರ ನಾಳಿಂದ ನೀರು ಬ್ಯಾರೆಯವರು ಹಾಕ್ತಾರ."

ಮಲ್ಕಮ್ಮ ಹೂಂ ಎಂದು ತಲೆಯಾಡಿಸುತ್ತಾಳೆ. ಹೊಲಿಯುತ್ತಾ ಬಂದೂಕ, ಬಂದೂಕ ಎಂದು ಬಾಯಿಪಾಠ ಮಾಡುತ್ತಾಳೆ. ಆದರೂ ಜೀವ ತಡೆಯದೆ, ಹೆಂಗಸರ ಕಡೆಯ ಡೇರೆಯ ಹಗ್ಗಗಳನ್ನು ಸಡಿಲಿಸಿ, ಬೆಂಕಿ ಬಿದ್ದರೆ ಹೊರಗೆ ಓಡಲು ಆ ಬದಿಯ ಬಟ್ಟೆ ತಳ್ಳಿದರೆ ಬೀಳುವಂತೆ ಮಾಡಿಡುತ್ತಾಳೆ. ಇದ್ದಬದ್ದ ಕೊಡಗಳನ್ನೆಲ್ಲ ತುಂಬಿಸುತ್ತಾಳೆ.

ದೀಪ ಹಚ್ಚುವ ಹೊತ್ತಿಗೆ ಆಟ ಶುರು. ನೀಲಗಂಗಮ್ಮ ಪರದೆಗೆ ಹತ್ತಿರವೇ ಕುಳಿತಿದ್ದಾಳೆ. ಹಡಗು ಹಾರುತ್ತದೆ, ಗವಿ ಬರುತ್ತದೆ. ಅಷ್ಟರಲ್ಲಿ ಡೇರೆಯ ಬಟ್ಟೆಯ ಆಚೆ ಯಾರೋ ಬಂದು ನಿಲ್ಲುತ್ತಾರೆ. ಕಡ್ಡಿಪೆಟ್ಟಿಗೆ ಅಲ್ಲಾಡಿಸುವ ಸದ್ದು ಒಳಗೆ ಸ್ಪಷ್ಟವಾಗಿ ಕೇಳುತ್ತದೆ. ಮಲ್ಕಮ್ಮ ತುಂಬಿದ ಕೊಡವೊಂದನ್ನು ಹತ್ತಿರ ಎಳೆದುಕೊಳ್ಳುತ್ತಾಳೆ. ಪರದೆಯ ಮೇಲೆ ಸಾಹೇಬ ಓಡುತ್ತಾನೆ, ಚಿಲಕ ಬೀಳುತ್ತದೆ. ಹೆಂಗಸರೆಲ್ಲ ಅವಳ ಬಾಯಿ ನೋಡುತ್ತಾರೆ. ಇಡೀ ದಿನ ಬಾಯಿಪಾಠ ಮಾಡಿದ ಮಾತು ನಾಲಿಗೆಗೆ ಬರುವುದಿಲ್ಲ.

"ಅಂಜ್ಯಾನ್ರವ್ವಾ," ಎನ್ನುತ್ತಾಳೆ. "ಅಂಜಿ ಓಡ್ಯಾನ. ಈಗ ತಿರುಗಿ ಬರ್ತಾನ, ನೋಡ್ರಿ."

ಆಚೆ ಕಡ್ಡಿಪೆಟ್ಟಿಗೆಯ ಸದ್ದು ನಿಲ್ಲುತ್ತದೆ. ಕಡ್ಡಿ ಗೀರಿದನೋ ಏನೋ ಎಂದು ಮಲ್ಕಮ್ಮ ಕಣ್ಣು ಮುಚ್ಚಿ ಕೊಡದ ಕಂಠ ಹಿಡಿಯುತ್ತಾಳೆ. ಬೆಂಕಿ ಬರುವುದಿಲ್ಲ. ಬಟ್ಟೆಗೇ ಬಾಯಿಟ್ಟಂತೆ ಒಂದು ಗಂಡು ದನಿ ಬರುತ್ತದೆ.

"ಬಂದ ಮ್ಯಾಲ... ಅಕಿ ಅವನ್ನ ಮಾತಾಡಸ್ತಾಳೇನು?"

"ಫಿಲ್ಮ್ ಅಲ್ಲಿಗೇ ಮುಗೀತದ್ರಿ ಎಪ್ಪಾ," ಎನ್ನುತ್ತಾಳೆ ಮಲ್ಕಮ್ಮ. "ಮುಂದಿಂದು ನನಗ ಗೊತ್ತಿಲ್ಲ. ಅಕಿನ್ನೇ ಕೇಳ್ರಿ."

ನೀಲಗಂಗಮ್ಮ ಪರದೆಯಿಂದ ಕಣ್ಣು ಕೀಳದೆ ಹೇಳುತ್ತಾಳೆ:

"ಮೊದಲ ಆ ಕಡ್ಡಿಪೆಟ್ಟಗಿ ಕೆಳಗ ಇಡಂತ ಹೇಳವ್ವಾ."