ಹಳದಿ ಎಲೆಯ ಅವಸರ

ಕೂಟಗಲ್‌ನಲ್ಲಿ ನಮ್ಮ ಹಿಪ್ಪುನೇರಳೆ ತೋಟದ ಪಕ್ಕದ ಹೊಲದ ಮಾವ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅವ್ವ ಕೊಟ್ಟ ಕಾಫಿಯನ್ನೂ ಅರ್ಧ ಕುಡಿದು, ಲೋಟ ಬದುವಿನ ಮೇಲಿಟ್ಟು ಓಡುತ್ತಿದ್ದರು. ತಡೆದರೆ, "ನಾನ್ ತಡುದ್ರೆ ಎಲೆ ತಡೀತದಾ?" ಎನ್ನುವರು.

ಅವರು ಹಾಕಿದ್ದ ಸೋಯಾದ ಎಳೆ ಎಲೆಗಳು ನರ ಮಾತ್ರ ಹಸಿರುಳಿದು ಹಳದಿಯಾದವು. ಕಬ್ಬಿಣದ ಕೊರತೆ. ಕಬ್ಬಿಣದ ಉಪ್ಪಾದ ಅನ್ನಭೇದಿಯನ್ನು ಬುಡಕ್ಕೆ ಹಾಕಿದರು. ಸುಣ್ಣದ ಮಣ್ಣು ಅದನ್ನು ಗಿಡಕ್ಕೆ ಬಿಟ್ಟುಕೊಡಲಿಲ್ಲ. ನೀರಲ್ಲಿ ಕರಗಿಸಿ ಎಲೆಗೇ ಹೊಡೆಯಬೇಕೆಂದು ತಿಳಿದದ್ದೇ ತಡ, ಗಾಳಿ ನಿಲ್ಲುವುದನ್ನೂ ಕಾಯದೆ ಪಂಪು ಹೊತ್ತರು. ಹನಿ ನಮ್ಮ ತೋಟಕ್ಕೂ ಹಾರಿತು. ಅದು ಗೊತ್ತಾಗುವಷ್ಟರಲ್ಲಿ ನಾವು ಆ ಸೊಪ್ಪನ್ನು ಕೊಯ್ದು ರೇಷ್ಮೆಹುಳುಗಳಿಗೆ ಹಾಕಿಯಾಗಿತ್ತು.

ಮಾವ ಓಡಿಬಂದು ಹುಳು ಸಾಕುವ ತಟ್ಟೆಗಳ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಅಕ್ಕಾ, ಏನೂ ಆಗಾಕಿಲ್ವಾ?"

"ಒಸಿ ತಡಿಯಪ್ಪ, ನೋಡವ," ಎಂದಳು ಅವ್ವ.

ಮಾವ ತಡೆದರು. ದಿನಾ ಬಂದು ಅಲ್ಲೇ ಕೂತರು, ಕಾಫಿಯನ್ನೂ ಪೂರ್ತಿ ಕುಡಿದರು.

ಅವರ ಸೋಯಾ ಹಸಿರಾಗಿದ್ದನ್ನು ಮೊದಲು ಕಂಡದ್ದು ನಾನು. ಓಡಿಬಂದು ಹೇಳಿದೆ.

"ಇರ್ಲಿ ಬುಡ್ಲಾ," ಎಂದರು, ಸೊಪ್ಪು ಮೇಯುತ್ತಿದ್ದ ಹುಳುಗಳ ಮೇಲಿನ ಕಣ್ಣು ತೆಗೆಯದೆ.